ಇಪ್ಪತ್ತೆಂಟು ದಿನದ ದುಡ್ಡು
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ನಾನು ಬಿ.ಎ. ಮಾಡಿ ಪದ್ಯ ಬರಕೊಂಡಿರೋನು. ವೀಸಾ ಬಗ್ಗೆ ಮಾತಾಡು ಅಂದಾಗ ನನಗೇ ನಗು ಬಂತು. ಆದರೂ ಒಪ್ಪಿದೆ. ಯಾಕಂದ್ರೆ ನನ್ನ ರೂಮಿನಲ್ಲಿದ್ದ ಗೆಳೆಯ ಇಂಗ್ಲೆಂಡಿನ ಎಂ.ಎ. ಸೀಟಿನ ಕಾಗದ ಕೈಯಲ್ಲಿ ಹಿಡಿದು ಅಳ್ತಾ ಕೂತಿದ್ದನ್ನ ಕಂಡಿದ್ದೀನಿ.

ಅವನಿಗೆ ಅಡ್ಡ ಬಂದದ್ದು ಇಂಗ್ಲಿಷಲ್ಲ, ಪಾಸ್‌ಬುಕ್ಕು. 2025ರ ನವೆಂಬರಿನಿಂದ ಅಲ್ಲಿನ ನಿಯಮ ಹೀಗಿದೆ: ಖರ್ಚಿಗೆ ಅಂತ ಲಂಡನ್ನಿನಲ್ಲಿ ಓದುವವನು ತಿಂಗಳಿಗೆ 1,529 ಪೌಂಡು, ಹೊರಗಿನ ಊರಾದರೆ 1,171 ಪೌಂಡು, ಒಂಬತ್ತು ತಿಂಗಳವರೆಗಿನದನ್ನು ತೋರಿಸಬೇಕು. ಹೊರಗಿನ ಊರಿಗೇ 10,539 ಪೌಂಡು ಆಯ್ತು, ಅಂದರೆ ಹತ್ತು ಲಕ್ಷ ರೂಪಾಯಿಗೂ ಮೇಲೆ. ಕಟ್ಟದೆ ಉಳಿದ ಫೀಜು ಬೇರೆ. ಈ ಹಣ ನಿಮ್ಮ ಇಲ್ಲವೆ ತಂದೆತಾಯಿಯ ಖಾತೆಯಲ್ಲಿ ಇಪ್ಪತ್ತೆಂಟು ದಿನ ಕದಲದೆ ಕೂತಿರಬೇಕು. ಒಂದು ದಿನ ಕಡಿಮೆಯಾದರೂ ಲೆಕ್ಕ ತಪ್ಪುತ್ತೆ. ಹೊಲ, ದನ, ಅವ್ವನ ಓಲೆ ಯಾವುದೂ ಲೆಕ್ಕಕ್ಕಿಲ್ಲ.

ನಮ್ಮ ಕೇರಿಗಳಲ್ಲಿ ದುಡ್ಡು ಇಪ್ಪತ್ತೆಂಟು ದಿನ ಎಲ್ಲಿ ಕೂತಿರುತ್ತೆ ಹೇಳಿ? ಶನಿವಾರದ ಬಟವಾಡೆ ಸೋಮವಾರಕ್ಕೆ ಇರಲ್ಲ.

ಪೇಟೆಯ ಏಜೆಂಟೊಬ್ಬ ನನ್ನ ಗೆಳೆಯನಿಗೆ ಹೇಳಿದ: ‘ದುಡ್ಡು ನಾನು ಹಾಕಿ ತೋರಿಸ್ತೀನಿ, ಬಡ್ಡಿ ನೀನು ಕೊಡು. ಕಾಗದ ಹೆಂಗೋ ಮಾಡೋಣ.’ ಅದಕ್ಕೆ ಒಪ್ಪಬೇಡ್ರಪ್ಪ. ಸುಳ್ಳು ಕಾಗದ ಇಟ್ಟು ಸಿಕ್ಕಿಬಿದ್ದರೆ ಹತ್ತು ವರ್ಷ ಆ ದೇಶದ ಬಾಗಿಲು ಮುಚ್ಚಬಹುದು. ಮುಚ್ಚೋದು ನಿಮಗೆ, ಏಜೆಂಟಿಗಲ್ಲ.

ಇನ್ನೊಂದು ದಾರಿ ಇದೆ, ಅದನ್ನ ಏಜೆಂಟರು ಹೇಳಲ್ಲ. ಫೀಜು, ಊಟ, ವಸತಿ ಎಲ್ಲವನ್ನೂ ಸರ್ಕಾರ ಭರಿಸುತ್ತದೆ ಎಂಬ ಪತ್ರ ಇದ್ದರೆ ಬ್ಯಾಂಕಿನ ಲೆಕ್ಕ ತೋರಿಸಬೇಕಿಲ್ಲ. ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇರುವುದು ಇದಕ್ಕೇ. ಎಂ.ಎ., ಪಿಎಚ್.ಡಿ.ಗೆ ಸಿಗುತ್ತೆ, ಕುಟುಂಬದ ಆದಾಯ ಎಂಟು ಲಕ್ಷದೊಳಗಿರಬೇಕು. ಆದರೆ ಇಡೀ ದೇಶಕ್ಕೆ ವರ್ಷಕ್ಕೆ 125 ಮಾತ್ರ! ಅದರಲ್ಲೂ 2025ರ ಜುಲೈಯಲ್ಲಿ 106 ಮಂದಿ ಆಯ್ಕೆಯಾದಾಗ ಮೊದಲು ಪತ್ರ ಕೊಟ್ಟದ್ದು 40 ಮಂದಿಗೆ. ಉಳಿದವರಿಗೆ, ಹಣ ಇದ್ದರೆ ನೋಡೋಣ ಎಂದರು. ಪತ್ರ ತಡವಾದರೆ ವೀಸಾ ತಡ, ವೀಸಾ ತಡವಾದರೆ ಸೀಟೇ ಇಲ್ಲ.

1913ರಲ್ಲಿ ಬಾಬಾಸಾಹೇಬರು ನ್ಯೂಯಾರ್ಕಿಗೆ ಹೋದದ್ದು ಬರೋಡ ಸಂಸ್ಥಾನ ಕೊಟ್ಟ ತಿಂಗಳಿಗೆ ಹನ್ನೊಂದೂವರೆ ಪೌಂಡಿನ ಮೇಲೆ. ಆ ವೇತನ ಮುಗಿದಾಗ 1917ರಲ್ಲಿ ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು ಬರಬೇಕಾಯಿತು. ಮತ್ತೆ ಹೋಗೋ ಹೊತ್ತಿಗೆ 1920.

ಅಲ್ಲಿ ಇಳಿದ ಮೇಲೂ ಕಟ್ಟುಪಾಡು ಉಂಟು. ಪಾಠ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ಕೂಲಿ ಮಾಡುವಂತಿಲ್ಲ. ತರಗತಿಗೆ ಚಕ್ಕರ್ ಹೊಡೆಯುತ್ತಾ ಹೋದರೆ ವಿಶ್ವವಿದ್ಯಾನಿಲಯವೇ ಸರ್ಕಾರಕ್ಕೆ ತಿಳಿಸುತ್ತೆ. ಬಾಡಿಗೆ ಮನೆಗೆ ಹೋದರೆ, ನಿಮಗೆ ಇಂಗ್ಲೆಂಡಿನಲ್ಲಿರುವ ಹಕ್ಕಿದೆಯೇ ಎಂದು ಮನೆಯವನು ಪರೀಕ್ಷಿಸಬೇಕು, ಅದು ಕಾನೂನು. (ನಮ್ಮ ಪೇಟೆಯಲ್ಲಿ ‘ನೀವು ಯಾವ ಜನ?’ ಅಂತ ಕೇಳೋನಿಗೆ ಯಾವ ಕಾನೂನೂ ಬೇಕಿಲ್ಲ.)

ಈಗ ಎರಡನೇ ವರ್ಷ ಓದ್ತಿರೋರು ಪಾಸ್‌ಪೋರ್ಟಿಗೆ ಈ ರಜೆಯಲ್ಲೇ ಅರ್ಜಿ ಹಾಕಿ. ಜಾತಿ, ಆದಾಯ ಪತ್ರದಲ್ಲಿ ಅಪ್ಪನ ಹೆಸರು ಮಾರ್ಕ್ಸ್ ಕಾರ್ಡಿನಲ್ಲಿದ್ದಂತೆಯೇ ಇದೆಯಾ ನೋಡ್ಕೊಳ್ಳಿ. ನನ್ನ ಗೆಳೆಯ ಈ ವರ್ಷ ಮತ್ತೆ ಅರ್ಜಿ ಹಾಕ್ತಿದ್ದಾನೆ, ಹಿಂದಿನ ಸಾಲಿನಲ್ಲೇ ಕೂತಿದ್ದಾನೆ. ಅವನ ಫೈಲು ತಂದಿದ್ದಾನೆ, ಊಟ ಆದ್ಮೇಲೆ ಎಲ್ಲರೂ ನೋಡಿ.