ಹೋಮ್‌ಲ್ಯಾಂಡ್ ಸೆಕ್ಯುರಿಟಿ ಓದು: ಫೀಸು ಕಟ್ಟೋ ಮುಂಚೆ

ನ್ಯೂಜೆರ್ಸಿಯಲ್ಲೋ ಡಲ್ಲಾಸ್‌ನಲ್ಲೋ ಬೆಳೆದ ನಮ್ಮ ಹುಡುಗ ಹುಡುಗಿಯರು "ನಾನು ಹೋಮ್‌ಲ್ಯಾಂಡ್ ಸೆಕ್ಯುರಿಟಿ ಓದ್ತೀನಿ" ಅಂದ್ರೆ ಅಪ್ಪ ಅಮ್ಮ ಮುಖ ಮುಖ ನೋಡ್ಕೋತಾರೆ. ಇಂಜಿನಿಯರಿಂಗ್ ಗೊತ್ತು, ಮೆಡಿಸಿನ್ ಗೊತ್ತು. ಇದ್ಯಾವ ಓದು? ಎಷ್ಟು ಖರ್ಚು? ಓದಿದ ಮೇಲೆ ಕೆಲಸ ಎಲ್ಲಿ?

2001ರ ಸೆಪ್ಟೆಂಬರ್ 11ರ ದಾಳಿ ಆದಮೇಲೆ ಅಮೆರಿಕ ಸರ್ಕಾರ ಅಲ್ಲೊಂದು ಇಲ್ಲೊಂದು ಇದ್ದ 22 ಸಂಸ್ಥೆಗಳನ್ನ ಒಂದೇ ಸೂರಿನ ಕೆಳಗೆ ತಂತು. ಹೋಮ್‌ಲ್ಯಾಂಡ್ ಸೆಕ್ಯುರಿಟಿ ಅನ್ನೋ ಆ ಇಲಾಖೆ 2003ರ ಮಾರ್ಚ್ 1ಕ್ಕೆ ಕೆಲಸ ಶುರು ಮಾಡ್ತು. ಏರ್‌ಪೋರ್ಟಲ್ಲಿ ನಿಮ್ಮ ಬೆಲ್ಟು ಬಿಚ್ಚಿಸೋ ಟಿಎಸ್‌ಎ, ಪಾಸ್‌ಪೋರ್ಟ್ ನೋಡಿ ಒಳಗೆ ಬಿಡೋ ಸಿಬಿಪಿ, ಚಂಡಮಾರುತ ಬಂದಾಗ ಓಡಿ ಬರೋ ಫೀಮಾ, ಅಧ್ಯಕ್ಷರನ್ನ ಕಾಯೋ ಸೀಕ್ರೆಟ್ ಸರ್ವಿಸ್, ಎಲ್ಲ ಇದರೊಳಗೇ. ಇಲಾಖೆ ಹುಟ್ಟಿದ ಬೆನ್ನಿಗೇ ಕಾಲೇಜುಗಳು ಅದೇ ಹೆಸರಲ್ಲಿ ಡಿಗ್ರಿ ಶುರು ಮಾಡಿದ್ವು. ಹಾಗಾಗಿ ಈ ಓದಿಗೆ ಇನ್ನೂ ಹದ ಬಂದಿಲ್ಲ. ಒಂದು ಕಾಲೇಜಲ್ಲಿ ಈ ಹೆಸರಿನಡಿ ಹೇಳಿಕೊಡೋದು ಪೊಲೀಸ್ ವಿದ್ಯೆ, ಇನ್ನೊಂದರಲ್ಲಿ ವಿಪತ್ತು ನಿರ್ವಹಣೆ, ಮತ್ತೊಂದರಲ್ಲಿ ಸೈಬರ್. ಬ್ರೋಷರ್ ಬಿಟ್ಟು ಪಠ್ಯಕ್ರಮದ ಪಟ್ಟಿ ತರಿಸಿಕೊಂಡು ಸಾಲು ಸಾಲಾಗಿ ಓದಿ.

ಈಗ ಯಾರೂ ಜೋರಾಗಿ ಹೇಳದ ಮಾತು. ಈ ಇಲಾಖೆಗೆ ಸೇರೋಕೆ ಈ ಡಿಗ್ರಿಯೇ ಬೇಕು ಅಂತೇನಿಲ್ಲ. ಟಿಎಸ್‌ಎ ತಪಾಸಣೆ ಅಧಿಕಾರಿ ಆಗೋಕೆ ಹೈಸ್ಕೂಲು ಮುಗಿಸಿದ್ರೂ ಸಾಕು. ಸಿಬಿಪಿ ಅಧಿಕಾರಿ ಆಗೋಕೆ ಯಾವ ವಿಷಯದ ಪದವಿ ಆದ್ರೂ ನಡೆಯುತ್ತೆ, ಪದವಿ ಬದಲು ಕೆಲಸದ ಅನುಭವವನ್ನೂ ಲೆಕ್ಕಕ್ಕೆ ತಗೋತಾರೆ. ಆದರೆ ಪೌರತ್ವ ಬೇಕೇ ಬೇಕು. ನಮ್ಮವರಿಗೆ ಪೆಟ್ಟು ಬೀಳೋದು ಇಲ್ಲಿ. ಅಲ್ಲೇ ಹುಟ್ಟಿದ ಮಗುವಿಗೆ ತೊಂದರೆಯಿಲ್ಲ. ಆದ್ರೆ ನಾಲ್ಕೈದು ವರ್ಷದವನಿದ್ದಾಗ ಬೆಂಗಳೂರಿಂದ ಹೋಗಿ, ಅಪ್ಪನ ಕೆಲಸದ ವೀಸಾಕ್ಕೆ ಅಂಟಿದ ಎಚ್-4 ವೀಸಾದಲ್ಲೇ ಬೆಳೆದು, ಅಪ್ಪನ ಗ್ರೀನ್ ಕಾರ್ಡ್ ಸರದಿ ಕಾಯ್ತಾ ಕೂತಿರೋ ಹುಡುಗ ಇದ್ದಾನಲ್ಲ, ಅವನಿಗೆ ಆ ಕೆಲಸಗಳೂ ಇಲ್ಲ, ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವೂ ಇಲ್ಲ. ಮಾತಿನ ಉಚ್ಚಾರಣೆ ಅಮೆರಿಕದ್ದಾದ್ರೇನು, ಕಾಗದ ಬೇರೆ ಹೇಳುತ್ತೆ. ಕಾಲೇಜಿನ ಸಲಹೆಗಾರರು ಇದನ್ನ ತಾವಾಗಿ ಹೇಳ್ತಾರೆ ಅಂತ ನಂಬಬೇಡಿ.

ಸರಿ, ಪೌರತ್ವ ಇದೆ, ಆಸಕ್ತಿಯೂ ಇದೆ ಅಂತಿಟ್ಕೊಳ್ಳಿ. ಆಮೇಲಿನ ಪ್ರಶ್ನೆ ದುಡ್ಡಿಂದು. ಕಾಲೇಜಿನವರು ಹಾಕಿರೋ ಫೀಸು ಸೀರೆ ಅಂಗಡಿಯ ಬೆಲೆ ಚೀಟಿ ಇದ್ದಂಗೆ, ಎಲ್ಲರೂ ಅಷ್ಟೇ ಕೊಡಲ್ಲ. ಸ್ಕಾಲರ್‌ಶಿಪ್, ಅನುದಾನ ಎಲ್ಲ ಕಳೆದು ನಿಮ್ಮ ಕೈಯಿಂದ ನಿಜವಾಗಿ ಹೋಗೋದೆಷ್ಟು ಅಂತ ಅಂದಾಜು ಹೇಳೋ ಲೆಕ್ಕಯಂತ್ರ ಕಾಲೇಜುಗಳ ಸೈಟಲ್ಲಿರಬೇಕು ಅಂತ 2011ರಿಂದ ಕಾನೂನಿದೆ. ಹುಡುಕಿದ್ರೆ ಸಿಗುತ್ತೆ, ಕೆಲವು ಕಡೆ ಮೂಲೆಯಲ್ಲಿ ಬಚ್ಚಿಟ್ಟಿರ್ತಾರೆ, ಅಷ್ಟೆ.

ಕಾಲೇಜ್ ಬೋರ್ಡ್ ಲೆಕ್ಕದಲ್ಲಿ 2024-25ರಲ್ಲಿ ಎರಡೇ ವರ್ಷ ಓದಿಸೋ ಕಮ್ಯುನಿಟಿ ಕಾಲೇಜಿನ ಸರಾಸರಿ ವರ್ಷದ ಬೋಧನಾ ಶುಲ್ಕ 4,050 ಡಾಲರ್. ಅದೇ ರಾಜ್ಯದವರಿಗೆ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ 11,610. ಖಾಸಗಿಯಲ್ಲಿ 43,350. ಮೊದಲೆರಡು ವರ್ಷ ಕಮ್ಯುನಿಟಿ ಕಾಲೇಜು, ಉಳಿದೆರಡು ಸರ್ಕಾರಿ ವಿಶ್ವವಿದ್ಯಾಲಯ ಅಂದ್ರೆ ಒಟ್ಟು 31,320. ನಾಲ್ಕೂ ವರ್ಷ ವಿಶ್ವವಿದ್ಯಾಲಯದಲ್ಲೇ ಓದಿದ್ರೆ 46,440. ಊಟ, ವಸತಿ ಇದರಲ್ಲಿ ಸೇರಿಲ್ಲ. ಹದಿನೈದು ಸಾವಿರ ಡಾಲರ್ ಉಳಿತಾಯ, ಕೈಗೆ ಸಿಗೋ ಪದವಿ ಅದೇ ವಿಶ್ವವಿದ್ಯಾಲಯದ್ದು. "ಕಮ್ಯುನಿಟಿ ಕಾಲೇಜಾ?" ಅಂತ ಮೂಗು ಮುರಿಯೋದು ನಮ್ಮವರಲ್ಲೇ ಜಾಸ್ತಿ. ಮುರಿಯಲಿ ಬಿಡಿ.

ಆದ್ರೆ ಈ ಲೆಕ್ಕ ನಿಂತಿರೋದು ಒಂದೇ ಕಂಬದ ಮೇಲೆ, ಕ್ರೆಡಿಟ್ ವರ್ಗಾವಣೆ. ಕಾಲೇಜಿನ ಮಾನ್ಯತೆ ಸರಿಯಿಲ್ದಿದ್ರೆ ಓದಿದ್ದು ಇನ್ನೊಂದು ಕಡೆ ಲೆಕ್ಕಕ್ಕೇ ಬರಲ್ಲ. ಐಟಿಟಿ ಟೆಕ್ ಅಂತ ಲಾಭಕ್ಕಾಗಿ ನಡೀತಿದ್ದ ಕಾಲೇಜು ಸರಪಳಿ ಇತ್ತು. ಟೀವಿಯಲ್ಲಿ ಜಾಹೀರಾತು, ದೇಶದ ತುಂಬ ಕ್ಯಾಂಪಸ್ಸು, ಕ್ರಿಮಿನಲ್ ಜಸ್ಟಿಸ್ ಕೋರ್ಸು ಕೂಡ ಇತ್ತು. 2016ರ ಸೆಪ್ಟೆಂಬರಲ್ಲಿ ಏಕಾಏಕಿ ಬಾಗಿಲು ಹಾಕ್ತು. ಅಲ್ಲಿನ ಕ್ರೆಡಿಟ್ಟುಗಳನ್ನ ಬಹಳಷ್ಟು ವಿಶ್ವವಿದ್ಯಾಲಯಗಳು ಒಪ್ಪಿಕೊಳ್ಳಲಿಲ್ಲ. ಸಾಲ ಮಾತ್ರ ಉಳೀತು. ಕೊನೆಗೆ 2022ರಲ್ಲಿ ಸರ್ಕಾರ ಸುಮಾರು 2,08,000 ಜನರ 390 ಕೋಟಿ ಡಾಲರ್ ಸಾಲ ಮನ್ನಾ ಮಾಡ್ಬೇಕಾಯ್ತು. ಆ ಆರು ವರ್ಷ ಅವರು ಪಟ್ಟ ಪಾಡು ಯಾರು ಮನ್ನಾ ಮಾಡ್ತಾರೆ?

ಅದಕ್ಕೇ, ಸೇರೋ ಮುಂಚೆ ಎರಡು ಕಡೆ ನೋಡಿ. ಮಾನ್ಯತೆ ಇದೆಯಾ ಅಂತ ಅಮೆರಿಕದ ಶಿಕ್ಷಣ ಇಲಾಖೆಯ ಪಟ್ಟಿಯಲ್ಲಿ. ಓದಿ ಹೊರಬಂದವರ ಸಾಲ ಎಷ್ಟು, ಸಂಪಾದನೆ ಎಷ್ಟು ಅಂತ ಅದೇ ಇಲಾಖೆಯ ಕಾಲೇಜ್ ಸ್ಕೋರ್‌ಕಾರ್ಡಲ್ಲಿ. ಜೊತೆಗೆ, ಮುಂದೆ ಹೋಗೋ ವಿಶ್ವವಿದ್ಯಾಲಯಕ್ಕೆ ಬರೆದು "ಇಂತಿಂಥ ಕ್ರೆಡಿಟ್ ಒಪ್ಕೋತೀರಾ" ಅಂತ ಲಿಖಿತ ಉತ್ತರ ತಗೊಳ್ಳಿ. ಫೋನಲ್ಲಿ ಹೇಳಿದ್ದು ನಂಬಬೇಡಿ.

ನನ್ನನ್ನ ಕೇಳಿದ್ರೆ, ಮುಖ್ಯ ಪದವಿ ಕಂಪ್ಯೂಟರ್ ಸೈನ್ಸೋ, ಸಾರ್ವಜನಿಕ ಆಡಳಿತವೋ, ಸಾರ್ವಜನಿಕ ಆರೋಗ್ಯವೋ ಇರಲಿ. ಹೋಮ್‌ಲ್ಯಾಂಡ್ ಸೆಕ್ಯುರಿಟಿ ಮೈನರ್ ಆಗಿ ಜೊತೆಗಿರಲಿ. ಸರ್ಕಾರ ನೇಮಕಾತಿ ನಿಲ್ಲಿಸಿದ ವರ್ಷ ಬೇರೆ ಕಡೆ ಕೆಲಸ ಹುಡುಕಬಹುದು. ಸೈಬರ್ ಕಡೆ ಒಲವಿದ್ರೆ ಸೈಬರ್‌ಕಾರ್ಪ್ಸ್ ಸ್ಕಾಲರ್‌ಶಿಪ್ ಇದೆ, ಪೌರರಿಗೂ ಗ್ರೀನ್ ಕಾರ್ಡ್ ಇದ್ದವರಿಗೂ. ಎಷ್ಟು ಕಾಲ ಅದರ ದುಡ್ಡಲ್ಲಿ ಓದ್ತೀರೋ ಅಷ್ಟು ಕಾಲ ಸರ್ಕಾರಿ ಕೆಲಸ ಮಾಡ್ಬೇಕು. ಮಾಡ್ದಿದ್ರೆ ಅದು ಸಾಲವಾಗಿ ಕುತ್ತಿಗೆಗೆ ಬರುತ್ತೆ, ಷರತ್ತು ಸರಿಯಾಗಿ ಓದಿ.

ಇನ್ನು ಕರ್ನಾಟಕದಿಂದ ಹೋಗಿ ಇದನ್ನ ಓದೋ ಯೋಚನೆ ಇದ್ರೆ, ಬೇಡ ಅಂತಲೇ ನನ್ನ ಮಾತು. ಅಷ್ಟು ಸಾಲ ಮಾಡಿ ಓದಿದ ಮೇಲೆ ಆ ಇಲಾಖೆಯ ಬಾಗಿಲು ನಿಮಗೆ ಮುಚ್ಚಿರುತ್ತೆ. ಭದ್ರತೆಯ ಓದು ಇಲ್ಲೂ ಇದೆ. ಗಾಂಧಿನಗರದ ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯದ ಕ್ಯಾಂಪಸ್ ನಮ್ಮ ಶಿವಮೊಗ್ಗದಲ್ಲಿದೆ, ವಿಧಿವಿಜ್ಞಾನ ವಿಶ್ವವಿದ್ಯಾಲಯದ್ದು ಧಾರವಾಡದಲ್ಲಿದೆ. ಮೊದಲು ಅಲ್ಲಿ ವಿಚಾರಿಸಿ.

ಅಮೆರಿಕದಲ್ಲಿರೋ ಮಕ್ಕಳಿಗೆ ಒಂದು ಪುಕ್ಕಟೆ ದಾರಿ ಹೇಳಿಬಿಡ್ತೀನಿ. ಫೀಮಾದವರ ಆನ್‌ಲೈನ್ ಕೋರ್ಸುಗಳಿಗೆ ಶುಲ್ಕವಿಲ್ಲ. ಐಎಸ್-100 ಅನ್ನೋದು ಕೆಲವೇ ಗಂಟೆಯದ್ದು. ಅವಘಡದ ಜಾಗದಲ್ಲಿ ಯಾರು ಯಾರ ಮಾತು ಕೇಳ್ಬೇಕು ಅನ್ನೋ ಪದ್ಧತಿ ಅದರಲ್ಲಿದೆ. ಆ ಪದ್ಧತಿ ಬೆಳೆದದ್ದು 1970ರ ದಶಕದಲ್ಲಿ, ಕ್ಯಾಲಿಫೋರ್ನಿಯಾದ ಕಾಡ್ಗಿಚ್ಚಿನ ಅನುಭವದಿಂದ. ನಿಮ್ಮ ಮಗಳು ಈ ರಜೆಯಲ್ಲಿ ಅದನ್ನ ಮುಗಿಸಲಿ. ಅರ್ಧದಲ್ಲೇ ಆಕಳಿಕೆ ಬಂದ್ರೆ ಒಂದು ಡಾಲರೂ ಹೋಗಿರಲ್ಲ.