ವ್ಯಸನವೂ ಆಣೆಯೂ

ಕನ್ನಡದಲ್ಲಿ ‘ವ್ಯಸನ’ವೆಂಬ ಮಾತಿಗೆ ಎರಡು ಅರ್ಥಗಳುಂಟು. ಆಪ್ತರೊಬ್ಬರು ತೀರಿಕೊಂಡಾಗ ‘ವ್ಯಸನದಿಂದ ತಿಳಿಸುತ್ತೇವೆ’ ಎಂದು ಬರೆಯುತ್ತೇವೆ. ಕುಡಿತಕ್ಕೆ ಬಿದ್ದವನನ್ನು ‘ವ್ಯಸನಿ’ ಎನ್ನುತ್ತೇವೆ. ಒಂದು ಕಡೆ ಅದು ದುಃಖ, ಮತ್ತೊಂದು ಕಡೆ ದುಶ್ಚಟ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ತರಗತಿಯಲ್ಲಿ ಪದಗಳ ಸಿಪ್ಪೆ ಸುಲಿಯುವುದೇ ನನ್ನ ಉದ್ಯೋಗವಾಗಿದ್ದುದರಿಂದ ಈ ಪದವನ್ನೂ ಸುಲಿದು ನೋಡುವ ಆಸೆ ನನಗೆ. ಕೌಟಿಲ್ಯನ ಅರ್ಥಶಾಸ್ತ್ರ, ಮೈಸೂರಿನ ಆರ್. ಶಾಮಶಾಸ್ತ್ರಿಗಳು ತಾಳೆಗರಿಯಿಂದ ಹೊರತೆಗೆದು 1909ರಲ್ಲಿ ಅಚ್ಚು ಹಾಕಿಸಿದ ಆ ಗ್ರಂಥ, ತನ್ನ ಎಂಟನೆಯ ಅಧಿಕರಣವನ್ನು ಇಡಿಯಾಗಿ ವ್ಯಸನಗಳಿಗೇ ಮೀಸಲಿಟ್ಟಿದೆ. ಮನುಷ್ಯನನ್ನು ಅವನ ಶ್ರೇಯಸ್ಸಿನಿಂದ ಆಚೆಗೆ ಎಸೆಯುವಂಥದು ವ್ಯಸನ ಎಂಬುದು ಅಲ್ಲಿಯ ಅಭಿಪ್ರಾಯ. ಬೇಟೆ, ಜೂಜು, ಸ್ತ್ರೀ, ಪಾನಗಳ ವಿಚಾರ ಬರುವ ಅದೇ ಅಧಿಕರಣದಲ್ಲಿ ಬೆಂಕಿ, ನೆರೆ, ರೋಗ, ಕ್ಷಾಮಗಳ ವಿಚಾರವೂ ಬರುತ್ತದೆ. ಅಂದರೆ ಕುಡುಕನ ಕುಡಿತವನ್ನೂ ಊರಿಗೆ ನುಗ್ಗಿದ ನೆರೆಯನ್ನೂ ಹಿಂದಿನವರು ಒಂದೇ ಸೂರಿನಡಿ ನಿಲ್ಲಿಸಿ ನೋಡಬಲ್ಲವರಾಗಿದ್ದರು. ನೆರೆ ಬಂದಾಗ ನಾವು ನದಿಯಿಂದ ಆಣೆ ಮಾಡಿಸಿಕೊಳ್ಳುವುದಿಲ್ಲ; ಒಡ್ಡು ಕಟ್ಟುತ್ತೇವೆ. ಕುಡಿತ ನುಗ್ಗಿದಾಗ ಮಾತ್ರ ಆಣೆಯನ್ನು ನಂಬುತ್ತೇವೆ.

ಇಂದು ನಾನು ಹೇಳಬೇಕೆಂದಿರುವುದು ಈ ಆಣೆಯ ವಿಚಾರ. ಹೆತ್ತ ತಾಯಿಯ ತಲೆಯ ಮೇಲೆ ಕೈಯಿಡಿಸಿ, ಹಸುಮಕ್ಕಳನ್ನು ಮುಂದೆ ನಿಲ್ಲಿಸಿ, ಉರಿಯುವ ಕರ್ಪೂರದ ಎದುರಿಗೆ ‘ಇನ್ನು ಮುಟ್ಟುವುದಿಲ್ಲ’ ಎಂದು ಹೇಳಿಸುವುದನ್ನು ನಮ್ಮಲ್ಲಿ ಕಾಣದವರು ಯಾರು? ಆ ಗಳಿಗೆಯಲ್ಲಿ ಆಣೆ ಮಾಡುವವನು ಸುಳ್ಳಾಡುತ್ತಿರುವುದಿಲ್ಲ. ಅವನ ಕಣ್ಣೀರು ನಿಜ. ಆದರೂ ನಾಲ್ಕನೆಯ ದಿನವೋ ನಾಲ್ಕನೆಯ ವಾರವೋ ಅವನು ಮತ್ತೆ ಅಂಗಡಿಯ ಮುಂದೆ ನಿಂತಿರುತ್ತಾನೆ. ಆಗ ಮನೆಯವರು ‘ಇವನು ಕುಡುಕ’ ಎಂದಷ್ಟೇ ಅಲ್ಲ, ‘ದೇವರಿಗೂ ಮೋಸ ಮಾಡಿದವನು’ ಎನ್ನುತ್ತಾರೆ. ಒಂದು ಅಪರಾಧ ಎರಡಾಗುತ್ತದೆ.

ಆಣೆಯ ಹಿಂದೆ ಒಂದು ನಂಬಿಕೆಯಿದೆ: ಕುಡಿಯುವವನು ಬೇಕೆಂದೇ ಕುಡಿಯುತ್ತಾನೆ, ಬೇಡವೆಂದರೆ ಬಿಡುತ್ತಾನೆ ಎಂಬುದು. ಮೊದಮೊದಲು ಇದು ದಿಟವೇ. ಆದರೆ ಕೆಲವರಲ್ಲಿ ಈ ಸ್ಥಿತಿ ಬದಲಾಗುತ್ತದೆ. ಹಸಿವು ಬಾಯಾರಿಕೆಗಳು ನಮ್ಮನ್ನು ಅನ್ನ ನೀರುಗಳತ್ತ ನಡೆಸುವುದಕ್ಕೆ ಮಿದುಳಿನಲ್ಲೊಂದು ವ್ಯವಸ್ಥೆಯಿದೆ. ಡೋಪಮಿನ್ ಎಂಬ ರಸಾಯನ ಅಲ್ಲಿ ದೂತನ ಕೆಲಸ ಮಾಡುತ್ತದೆ. ಮದ್ಯವೂ ಮಾದಕ ದ್ರವ್ಯಗಳೂ ಈ ವ್ಯವಸ್ಥೆಯನ್ನೇ ವಶಪಡಿಸಿಕೊಳ್ಳುತ್ತವೆ. ಬಳಿಕ ಕುಡಿತವು ಸುಖದ ಮಾತಾಗಿ ಉಳಿಯದೆ ಬಾಯಾರಿಕೆಯ ಜಾತಿಗೆ ಸೇರಿಬಿಡುತ್ತದೆ. ಬಾಯಾರಿದವನಿಂದ ‘ನೀರು ಮುಟ್ಟೆ’ನೆಂಬ ಆಣೆ ಮಾಡಿಸಿದಂತೆ! ಕುಡಿದವರೆಲ್ಲರಿಗೂ ಹೀಗಾಗುವುದಿಲ್ಲ. ಯಾರಿಗೆ ಆಗುತ್ತದೆಂಬುದರಲ್ಲಿ ಸುಮಾರು ಅರ್ಧ ಪಾಲು ಅನುವಂಶೀಯವೆಂದು ಅವಳಿಜವಳಿಗಳ ಅಧ್ಯಯನಗಳು ತೋರಿಸಿವೆ. ಉಳಿದ ಪಾಲು ವಯಸ್ಸು, ಮನಸ್ಸು, ಸಹವಾಸ, ಸನ್ನಿವೇಶಗಳದು. ಅಮೆರಿಕದ ವೈದ್ಯಕೀಯ ಸಂಘವು ಇದನ್ನು ಕಾಯಿಲೆಯೆಂದು ಒಪ್ಪಿದ್ದು 1956ರಲ್ಲಿ. 1964ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞಸಮಿತಿಯೊಂದು ಹಳೆಯ ಹೆಸರುಗಳನ್ನು ಕೈಬಿಟ್ಟು ‘ಅವಲಂಬನೆ’ ಎಂಬ ಅರ್ಥದ ಮಾತನ್ನು ಬಳಸಬೇಕೆಂದು ಸೂಚಿಸಿತು. ನಮ್ಮ ಊರ ಗೋಡೆಗಳು ಮಾತ್ರ ಇನ್ನೂ ಚಟಕ್ಕೂ ಚಟ್ಟಕ್ಕೂ ಪ್ರಾಸ ಹೊಂದಿಸುತ್ತಿವೆ. ಪ್ರಾಸವೇನೋ ಚೆನ್ನಾಗಿದೆ. ಅದನ್ನೋದಿ ಕುಡಿತ ಬಿಟ್ಟವರನ್ನು ನಾನು ಕಂಡಿಲ್ಲ.

ಆಣೆ ನಿಷ್ಫಲವಾಗಬಹುದೆಂಬುದು ಒಂದು ಮಾತು. ಅದು ಪ್ರಾಣಕ್ಕೇ ಎರವಾಗಬಹುದೆಂಬುದು ಅದಕ್ಕಿಂತ ಮುಖ್ಯವಾದ ಮಾತು. ಕೇಳುಗರು ಇದನ್ನು ದಯವಿಟ್ಟು ಮನಸ್ಸಿನಲ್ಲಿಡಬೇಕು. ವರ್ಷಗಟ್ಟಲೆ ಪ್ರತಿದಿನ ಅತಿಯಾಗಿ ಕುಡಿದವನು ಹರಕೆ ಹೊತ್ತು ಒಂದು ಬೆಳಗ್ಗೆ ಪೂರ್ತಿ ನಿಲ್ಲಿಸಿದನೆನ್ನಿ. ಸಂಜೆಯ ಹೊತ್ತಿಗೆ ಕೈ ನಡುಗುತ್ತದೆ, ಬೆವರುತ್ತದೆ, ನಿದ್ರೆ ಹತ್ತಿರ ಸುಳಿಯುವುದಿಲ್ಲ. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಸೆಳವು ಬರುತ್ತದೆ. ಎರಡರಿಂದ ನಾಲ್ಕು ದಿನಗಳೊಳಗೆ ಇನ್ನು ಕೆಲವರಿಗೆ ಸನ್ನಿಯೇ ಹಿಡಿಯುತ್ತದೆ: ಗೋಡೆಯ ಮೇಲೆ ಇಲ್ಲದ ಹುಳುಗಳು ಹರಿದಾಡುತ್ತವೆ, ಇಲ್ಲದ ಜನ ಮಾತಾಡುತ್ತಾರೆ, ಹಗಲು ರಾತ್ರಿಯ ಅರಿವು ತಪ್ಪುತ್ತದೆ. ಮನೆಯವರು ‘ಗಾಳಿ ಸೋಕಿತು’ ಎಂದು ಮಂತ್ರವಾದಿಯನ್ನು ಕರೆತರುತ್ತಾರೆ. ವೈದ್ಯರು ಇದನ್ನು ಡಿಲೀರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಚಿಕಿತ್ಸೆಯಿಲ್ಲದೆ ಹೋದರೆ ಇದರಲ್ಲಿ ಸಾವು ಸಂಭವಿಸಬಹುದು. ಚಿಕಿತ್ಸೆ ಅಪರೂಪದ್ದೇನೂ ಅಲ್ಲ. ಡಯಾಜೆಪಾಮ್ ಜಾತಿಯ ಔಷಧವನ್ನು ಕೆಲವು ದಿನ ಕೊಟ್ಟು ಕ್ರಮವಾಗಿ ಇಳಿಸುವುದು, ಕುಡಿತದಿಂದ ಬರಿದಾದ ದೇಹಕ್ಕೆ ಥಯಾಮಿನ್ ಎಂಬ ಬಿ-1 ಜೀವಸತ್ವವನ್ನು ತುಂಬುವುದು ಇದರ ಮುಖ್ಯ ಭಾಗ. ಥಯಾಮಿನ್ ತೀರ ಕಡಿಮೆಯಾದವರಲ್ಲಿ ನೆನಪೇ ಶಾಶ್ವತವಾಗಿ ಕೆಡುವುದುಂಟು. ಆದ್ದರಿಂದ ಹರಕೆ ಹೊರುವ ಮೊದಲು ಆಸ್ಪತ್ರೆಯ ಬಾಗಿಲು ತಟ್ಟಬೇಕು. ಎಲ್ಲಿಗೆ ಹೋಗಬೇಕೆಂದು ತೋಚದವರು 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಎಂಬ ಸಂಖ್ಯೆಗೆ ದೂರವಾಣಿ ಮಾಡಿ ಕನ್ನಡದಲ್ಲಿಯೇ ವಿಚಾರಿಸಬಹುದು.

ಇಲ್ಲಿಯೇ ಇನ್ನೊಂದು ಮಾತು. ಕುಡುಕನಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸುವ ಪುಡಿಗಳ ಜಾಹೀರಾತನ್ನು ನೀವು ನೋಡಿರಬಹುದು. ಡೈಸಲ್ಫಿರಾಮ್ ಎಂಬ ಮದ್ದೊಂದಿದೆ. ಡೆನ್ಮಾರ್ಕಿನ ಸಂಶೋಧಕರು ಬೇರೊಂದು ಉದ್ದೇಶಕ್ಕಾಗಿ ಅದನ್ನು ಸೇವಿಸಿ ನೋಡುತ್ತಿದ್ದಾಗ ಅದರ ಮೇಲೆ ಮದ್ಯ ಬಿದ್ದರೆ ಏನಾಗುತ್ತದೆಂಬುದು ಗೊತ್ತಾಯಿತು, 1948ರಲ್ಲಿ ಲೋಕಕ್ಕೆ ತಿಳಿಯಿತು. ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿಯುತ್ತದೆ. ತಿಳಿದು, ಒಪ್ಪಿ, ವೈದ್ಯರ ಕಣ್ಣೆದುರಿಗೆ ತೆಗೆದುಕೊಳ್ಳುವವನಿಗೆ ಅದು ಕಾವಲುಗಾರ. ತಿಳಿಯದೆ ನುಂಗಿದವನಿಗೆ ವಿಷ.

ಈ ನಾಡಿನಲ್ಲಿ ಚಿಕಿತ್ಸೆಯ ಮಾತು ಎಷ್ಟು ಜನರಿಗೆ ತಲುಪಿದೆ? ಕೇಂದ್ರ ಸರಕಾರವು ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಮೂಲಕ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ಮದ್ಯದ ತೊಂದರೆಗೆ ನೆರವು ಬೇಕಾದವರು ದೇಶದಲ್ಲಿ 5 ಕೋಟಿ 70 ಲಕ್ಷಕ್ಕೂ ಹೆಚ್ಚು. ಅವಲಂಬನೆಗೆ ಸಿಕ್ಕಿದ 38 ಮಂದಿಯಲ್ಲಿ ಯಾವುದಾದರೊಂದು ಚಿಕಿತ್ಸೆ ದೊರೆತದ್ದು ಒಬ್ಬರಿಗೆ. ಉಳಿದ 37 ಮಂದಿಯ ಮನೆಗಳಲ್ಲಿ ಏನು ನಡೆದಿರಬಹುದೆಂಬುದನ್ನು ನಾವು ಊಹಿಸಬಲ್ಲೆವು.

ಸರಿ, ಆಸ್ಪತ್ರೆಯಲ್ಲಿ ನಡುಕ ನಿಂತಿತು, ಊಟ ಸೇರಿತು, ಮುಖಕ್ಕೆ ಕಳೆ ಬಂದಿತು. ಮನೆಯವರು ಗುಣವಾಯಿತೆಂದು ಭಾವಿಸುತ್ತಾರೆ. ನನಗೆ ಇಲ್ಲಿ ಧರ್ಮರಾಯನ ನೆನಪಾಗುತ್ತದೆ. ಮೊದಲ ದ್ಯೂತದಲ್ಲಿ ಅವನು ರಾಜ್ಯವನ್ನೂ ತಮ್ಮಂದಿರನ್ನೂ ದ್ರೌಪದಿಯನ್ನೂ ಸೋತದ್ದನ್ನು ಎಲ್ಲರೂ ಬಲ್ಲರು. ಧೃತರಾಷ್ಟ್ರ ಎಲ್ಲವನ್ನೂ ಹಿಂದಿರುಗಿಸಿದ. ಪಾಂಡವರು ಇಂದ್ರಪ್ರಸ್ಥದ ದಾರಿ ಹಿಡಿದರು. ಊರು ಸೇರುವ ಮುನ್ನವೇ ಮತ್ತೆ ಕರೆ ಬಂದಿತು; ಅನರ್ಥವೆಂದು ತಿಳಿದೂ ಧರ್ಮರಾಯ ಹಿಂದಿರುಗಿದ. ಹನ್ನೆರಡು ವರ್ಷಗಳ ವನವಾಸ, ಒಂದು ವರ್ಷದ ಅಜ್ಞಾತವಾಸ ಈ ಎರಡನೆಯ ಆಟದ ಫಲ. ತರಗತಿಯಲ್ಲಿ ವಿದ್ಯಾರ್ಥಿಗಳು ಮೊದಲ ದ್ಯೂತಕ್ಕೆ ಕಾರಣ ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ಈ ಎರಡನೆಯದಕ್ಕೆ ಕಾರಣ ಕೇಳಿದಾಗ ‘ಕರೆದರೆ ಹಿಂಜರಿಯಲಾರೆನೆಂಬುದು ಅವನ ವ್ರತ’ ಎನ್ನುವುದರ ಹೊರತು ಬೇರೆ ಉತ್ತರವಿರಲಿಲ್ಲ. ವ್ರತವೇ ವ್ಯಸನದ ಸೇವೆಗೆ ನಿಂತದ್ದು ಹೀಗೆ. ಕವಿ ಕಂಡದ್ದನ್ನೇ ವೈದ್ಯರೂ ಕಾಣುತ್ತಾರೆ: ಬಿಟ್ಟವನು ಮತ್ತೆ ಬೀಳುವುದು ಬಹುಮಟ್ಟಿಗೆ ಮೊದಲ ಕೆಲವು ತಿಂಗಳುಗಳಲ್ಲಿ, ಊರ ದಾರಿಯಲ್ಲಿ, ಕರೆಯೊಂದು ಬಂದಾಗ.

ಕರೆಯೆಂದರೆ ಗೆಳೆಯನ ಧ್ವನಿಯೇ ಆಗಬೇಕಿಲ್ಲ. ಸಂಬಳದ ದಿನ, ಒಂದು ತಿರುವು, ಒಂದು ವಾಸನೆ, ಸಂಜೆ ಏಳು ಗಂಟೆ, ಇವೂ ಕರೆಗಳೇ. ಇದಕ್ಕೆ ಮಾದಕ ದ್ರವ್ಯಗಳ ಕಡೆಯಿಂದ ಒಂದು ಅಚ್ಚರಿಯ ಸಾಕ್ಷ್ಯವುಂಟು. ವಿಯಟ್ನಾಮ್ ಯುದ್ಧಕ್ಕೆ ಹೋಗಿದ್ದ ಅಮೆರಿಕದ ಸಾಮಾನ್ಯ ಸೈನಿಕರಲ್ಲಿ ಸುಮಾರು ಐದರಲ್ಲೊಬ್ಬರು ಅಲ್ಲಿ ಹೆರಾಯಿನ್ ಮುಂತಾದ ಅಫೀಮು ಜಾತಿಯ ಪದಾರ್ಥಗಳಿಗೆ ಅಂಟಿಕೊಂಡಿದ್ದರು. 1971ರಲ್ಲಿ ಮನೆಗೆ ಮರಳಿದವರನ್ನು ಲೀ ರಾಬಿನ್ಸ್ ಎಂಬ ವಿದುಷಿ ಹುಡುಕಿಕೊಂಡು ಹೋಗಿ ವಿಚಾರಿಸಿದರು. ಅಂಟಿಕೊಂಡಿದ್ದವರಲ್ಲಿ ಮೊದಲ ವರ್ಷ ಮತ್ತೆ ಆ ಸ್ಥಿತಿಗೆ ಬಿದ್ದವರು ನೂರಕ್ಕೆ ಐವರ ಆಸುಪಾಸು ಮಾತ್ರ. ಆ ಕಾಡು, ಆ ಭಯ, ಆ ಸಂಗಡಿಗರು, ಕೈಗೆಟಕುವ ಆ ಪುಡಿ, ಎಲ್ಲವೂ ಹಿಂದೆ ಉಳಿದಿದ್ದವು. ಆದರೆ ನಮ್ಮ ಊರಿನ ಹುಡುಗ ಚಿಕಿತ್ಸೆ ಮುಗಿಸಿ ಬರುವುದು ಎಲ್ಲಿಗೆ? ಅದೇ ಬೀದಿಗೆ. ಅಫೀಮು ಜಾತಿಯ ಪದಾರ್ಥಗಳಲ್ಲಿ ಇದು ಇನ್ನೂ ಅಪಾಯಕರ: ಕೆಲವು ವಾರ ಬಿಟ್ಟಿದ್ದ ದೇಹ ತನ್ನ ತಾಳಿಕೆಯನ್ನು ಕಳೆದುಕೊಂಡಿರುತ್ತದೆ, ಹಳೆಯ ಪ್ರಮಾಣವನ್ನೇ ಮತ್ತೆ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಅದಕ್ಕೆಂದೇ ಬ್ಯುಪ್ರೆನಾರ್ಫಿನ್‌ನಂಥ ಔಷಧವನ್ನು ದೀರ್ಘಕಾಲ ಕೊಡುತ್ತಾರೆ. ‘ಒಂದು ಬಿಡಿಸಿ ಇನ್ನೊಂದು ಹಿಡಿಸಿದರು’ ಎಂದು ಮೂಗು ಮುರಿಯುವವರು ಇದನ್ನು ತಿಳಿದಿರಬೇಕು.

ಹಾಗಾದರೆ ಆಣೆಯ ಬದಲಿಗೆ ಏನು? ಇದಕ್ಕೆ ಒಳ್ಳೆಯ ಉತ್ತರಗಳಲ್ಲೊಂದು ವೈದ್ಯರಿಂದಲ್ಲ, ಕುಡುಕರಿಂದಲೇ ಬಂದಿತು. 1935ರ ಮೇ ತಿಂಗಳಲ್ಲಿ ಬಿಲ್ ವಿಲ್ಸನ್ ಎಂಬ ನ್ಯೂಯಾರ್ಕಿನ ಷೇರು ವ್ಯವಹಾರಸ್ಥ ಅಮೆರಿಕದ ಆಕ್ರನ್ ಪಟ್ಟಣದ ಹೋಟೆಲಿನಲ್ಲಿ ವ್ಯವಹಾರ ಕೆಟ್ಟು ಒಬ್ಬನೇ ನಿಂತಿದ್ದ. ಕುಡಿತ ಬಿಟ್ಟು ಕೆಲವು ತಿಂಗಳಾಗಿದ್ದವು. ಪಾನಗೃಹದತ್ತ ಕಾಲು ಎಳೆಯುತ್ತಿದ್ದಾಗ ಅವನು ದೂರವಾಣಿ ಎತ್ತಿ, ತನ್ನಂಥ ಇನ್ನೊಬ್ಬ ಕುಡುಕ ಈ ಊರಿನಲ್ಲಿ ಮಾತಿಗೆ ಸಿಕ್ಕಾನೆಯೇ ಎಂದು ವಿಚಾರಿಸಿದ. ಸಿಕ್ಕವರು ಡಾ. ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರು. ಆ ವೈದ್ಯರು ಕುಡಿತ ಬಿಟ್ಟು, ಕೆಲವೇ ವಾರಗಳಲ್ಲಿ ಮತ್ತೆ ಬಿದ್ದು, ಮತ್ತೆ ಎದ್ದರು. ಅವರು ಕೊನೆಯ ಸಲ ಕುಡಿದ ಜೂನ್ 10ನ್ನೇ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಬಳಗದ ಜನ್ಮದಿನವೆಂದು ಎಣಿಸುತ್ತಾರೆ. ಜಾರಿ ಬಿದ್ದ ದಿನವೇ ಸಂಸ್ಥಾಪನೆಯ ದಿನ! ಆ ಬಳಗದಲ್ಲಿ ಜೀವಮಾನದ ಪ್ರತಿಜ್ಞೆಯಿಲ್ಲ. ಇಂದು ಒಂದು ದಿನ ಕುಡಿಯದಿರುವುದು, ನಾಳೆಯದನ್ನು ನಾಳೆ ನೋಡುವುದು, ಇಷ್ಟೇ. ಬೆಂಗಳೂರು, ಮಂಗಳೂರುಗಳಂಥ ನಮ್ಮ ಊರುಗಳಲ್ಲಿಯೂ ಇಂಥ ಸಭೆಗಳು ನಡೆಯುತ್ತವೆ.

ನಮ್ಮ ಕಡೆಯ ಪ್ರಯತ್ನಗಳನ್ನೂ ಮರೆಯಬಾರದು. ಕುಡಿತದಿಂದ ಪತಿಯನ್ನು ಕಳೆದುಕೊಂಡ ಶಾಂತಿ ರಂಗನಾಥನ್ ಅವರು 1980ರಲ್ಲಿ ಮದರಾಸಿನಲ್ಲಿ ಚಿಕಿತ್ಸಾ ಸಂಸ್ಥೆಯೊಂದನ್ನು ತೆರೆದು, ರೋಗಿಯ ಜತೆಗೆ ಮನೆಯವರನ್ನೂ ಕೂರಿಸಿಕೊಂಡು ಮಾತಾಡುವ ಪದ್ಧತಿಯನ್ನು ಬೆಳೆಸಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕಾಗಿಯೇ ಪ್ರತ್ಯೇಕ ವಿಭಾಗವಿದೆ. ಧರ್ಮಸ್ಥಳದ ಆಶ್ರಯದಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳು ಸಾವಿರವನ್ನು ಮೀರಿವೆ. ಅಲ್ಲಿ ದೇವರೂ ಉಂಟು, ಸಂಕಲ್ಪವೂ ಉಂಟು. ಆದರೆ ಸಂಕಲ್ಪಕ್ಕೆ ಮುಂಚೆ ಎಂಟು ದಿನಗಳ ವಾಸ್ತವ್ಯ, ವೈದ್ಯರ ತಪಾಸಣೆ. ಸಂಕಲ್ಪದ ಅನಂತರ ಬಿಟ್ಟವರೆಲ್ಲ ಕೂಡುವ ನವಜೀವನ ಸಮಿತಿ. ಆಣೆಗೆ ಒಡ್ಡು ಕಟ್ಟಿದರೆ ಅದೂ ನಿಂತೀತು ಎಂಬುದಕ್ಕೆ ಇದು ನಿದರ್ಶನ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬರ ಮಾತನ್ನು ಅವರ ಒಪ್ಪಿಗೆ ಪಡೆದೇ ಇಲ್ಲಿ ಹೇಳುತ್ತೇನೆ. ಪ್ರೌಢಶಾಲೆಯಲ್ಲಿ ಕನ್ನಡ ಅಧ್ಯಾಪಕರು. ಪಾಠ ಹೇಳುವುದರಲ್ಲಿ ನನಗಿಂತ ಮೇಲು. ನಾಲ್ಕು ಸಲ ಆಣೆ ಮಾಡಿದ್ದರು, ನಾಲ್ಕು ಸಲವೂ ಮುರಿದಿದ್ದರು. ‘ಆಣೆ ಮುರಿದ ಮೇಲೆ ಆ ನಾಚಿಕೆಯನ್ನು ಮರೆಯುವುದಕ್ಕೇ ಇನ್ನಷ್ಟು ಬೇಕಾಗುತ್ತಿತ್ತು’ ಎಂದರು. ಐದನೆಯ ಸಲ ಆಣೆಯಿಲ್ಲದೆ ಆಸ್ಪತ್ರೆಗೆ ಹೋದರು. ಅವರು ಕುಡಿತ ಬಿಟ್ಟು ಎಷ್ಟು ಕಾಲವಾಯಿತೆಂದು ಈಚೆಗೆ ಕೇಳಿದೆ. ‘ಬೆಳಗ್ಗೆಯಿಂದ ಕುಡಿದಿಲ್ಲ ಸಾರ್’ ಎಂದರು. ಲೆಕ್ಕ ಹಾಕಿದರೆ ಹನ್ನೊಂದು ವರ್ಷ. ಸಂಬಳದ ದಿನ ಅವರ ಪತ್ನಿ ಶಾಲೆಯ ಬಾಗಿಲಿಗೆ ಬರುತ್ತಾರೆ, ಇಬ್ಬರೂ ಮಾರುಕಟ್ಟೆಯ ಮೇಲಿನ ಸುತ್ತುದಾರಿಯಲ್ಲಿ ಮನೆಗೆ ಹೋಗುತ್ತಾರೆ. ಮದುವೆಮನೆಗಳಲ್ಲಿ ಮೊದಲೇ ಕೈಯಲ್ಲೊಂದು ಪಾನಕದ ಲೋಟ ಹಿಡಿದಿರುತ್ತಾರೆ, ಯಾರೂ ಬಂದು ಒತ್ತಾಯಿಸಬಾರದೆಂದು.

ಆ ಹನ್ನೊಂದು ವರ್ಷಗಳಿಗೆ ಮುಂಚೆ, ಆಸ್ಪತ್ರೆಯಿಂದ ಬಂದ ಮೂರನೆಯ ವರ್ಷದಲ್ಲಿ, ಒಮ್ಮೆ ಜಾರಿದ್ದುಂಟು. ರಾತ್ರಿ ಮನೆಗೆ ಬಂದು ಹೇಳಿಬಿಟ್ಟರಂತೆ. ತಾಯಿ ಆಗ ಬದುಕಿದ್ದರು. ಆಣೆಯ ಮಾತನ್ನು ಅವರೂ ಎತ್ತಲಿಲ್ಲ. ಪತ್ನಿ ಕೇಳಿದ್ದು ಒಂದೇ ಪ್ರಶ್ನೆ: ‘ಬೆಳಗ್ಗೆ ಡಾಕ್ಟರ ಹತ್ತಿರ ಎಷ್ಟು ಗಂಟೆಗೆ ಹೊರಡೋಣ?’

(ಆಕಾಶವಾಣಿಯ ಕೃಪೆಯಿಂದ)