ಕೀಲಿ ಗಟ್ಟಿ, ಕೈ ಸಡಿಲ: ಮನುಷ್ಯನ ದೌರ್ಬಲ್ಯ ಮತ್ತು ಎಥಿಕಲ್ ಹ್ಯಾಕಿಂಗ್

ಕಂಪ್ಯೂಟರ್ ಭದ್ರತೆಗೆ ಎದುರಾಗುವ ದೋಷಗಳು ಎರಡು ಬಗೆ: ಯಂತ್ರದ್ದು ಒಂದು, ಮನುಷ್ಯನದು ಇನ್ನೊಂದು. ಸಾಫ್ಟ್‌ವೇರಿನಲ್ಲಿ ಕಂಡ ದೋಷವನ್ನು ಒಮ್ಮೆ ತಿದ್ದಿ ಕಳಿಸಿದರೆ ಲಕ್ಷಾಂತರ ಯಂತ್ರಗಳಲ್ಲಿ ಆ ಕಿಂಡಿ ಮುಚ್ಚುತ್ತದೆ. ಹೆದರಿಕೆ, ಆಸೆ, ಅವಸರ, ಅತಿನಂಬಿಕೆಗಳಿಗೆ ಅಂಥ ತಿದ್ದುಪಡಿ ಸಿಗದು. ಹೊಸದಾಗಿ ಮೊಬೈಲ್ ಹಿಡಿದ ಪ್ರತಿಯೊಬ್ಬರೊಡನೆ ಅವು ಮತ್ತೆ ಹುಟ್ಟುತ್ತವೆ. ಎಥಿಕಲ್ ಹ್ಯಾಕಿಂಗ್, ಅಂದರೆ ಅನುಮತಿ ಪಡೆದು ಭದ್ರತೆಯ ದೋಷಗಳನ್ನು ಹುಡುಕುವುದು, ಎಂದಿಗೂ ಮುಗಿಯದ ಕೆಲಸವಾಗಿರುವುದು ಈ ಕಾರಣಕ್ಕೆ.

ಕೋಟೆಗಳ ನಾಡಿಗೆ ಈ ಪಾಠ ಹಳೆಯದು. 1686ರಲ್ಲಿ ಬಿಜಾಪುರವನ್ನು (ಇಂದಿನ ವಿಜಯಪುರ) ಗೆದ್ದ ಔರಂಗಜೇಬ ಮರುವರ್ಷ ಗೋಲ್ಕೊಂಡದ ಮುಂದೆ ಎಂಟು ತಿಂಗಳು ಬೀಡುಬಿಟ್ಟ. ಫಿರಂಗಿಗೂ ಸುರಂಗಕ್ಕೂ ಜಗ್ಗದ ಆ ಕೋಟೆಯ ಬಾಗಿಲನ್ನು ಕಡೆಗೆ ಒಳಗಿನ ಅಧಿಕಾರಿಯೊಬ್ಬ ಲಂಚ ಪಡೆದು ತೆರೆದುಕೊಟ್ಟ. ಇಂದಿನ ನಿದರ್ಶನ ಇನ್ನೂ ಹತ್ತಿರದ್ದು. 2025ರ ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಮನಗೂಳಿಯ ಬ್ಯಾಂಕ್ ಶಾಖೆಯೊಂದರಿಂದ ಸುಮಾರು 59 ಕಿಲೋ ಚಿನ್ನ ಕಳುವಾಯಿತು. ಪೊಲೀಸರು ಬಂಧಿಸಿದ ಆರೋಪಿಗಳಲ್ಲಿ ಅದೇ ಶಾಖೆಯ ಹಿಂದಿನ ವ್ಯವಸ್ಥಾಪಕರೂ ಇದ್ದರು; ನಕಲಿ ಕೀಲಿಕೈ ಬಳಸಿ ಒಳಹೊಕ್ಕರು ಎಂಬುದು ಪೊಲೀಸರ ಹೇಳಿಕೆ. ವರ್ಗವಾದವರ, ನಿವೃತ್ತರಾದವರ ಪಾಸ್‌ವರ್ಡುಗಳು ತಿಂಗಳುಗಟ್ಟಲೆ ಜೀವಂತವಾಗಿರುವ ಕಚೇರಿಗಳೆಲ್ಲ ಇಂಥದೇ ಅಪಾಯವನ್ನು ಮಡಿಲಲ್ಲಿಟ್ಟುಕೊಂಡಿರುತ್ತವೆ.

ವಂಚಕರು ಮೊದಲು ಓದುವುದು ಮನಸ್ಸನ್ನು. ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರದ ದ್ರಾಕ್ಷಿ ಬೆಳೆಗಾರನಿಗೆ ಬೆಳೆ ಪರಿಹಾರದ ಹೆಸರಿನಲ್ಲಿ ಲಿಂಕ್ ಬಂದರೆ ಅದು ಅವನ ಆಸೆಯನ್ನು ಮಾತ್ರ ಮುಟ್ಟುವುದಿಲ್ಲ, ಸಾಲದ ಚಿಂತೆಯನ್ನೂ ಮುಟ್ಟುತ್ತದೆ. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ ಎಂದು ತಿಳಿದವರೂ ಅವಸರದಲ್ಲಿ ಒತ್ತಿಬಿಡುತ್ತಾರೆ. ‘ಡಿಜಿಟಲ್ ಅರೆಸ್ಟ್’ ಎಂಬುದು ಭಾರತದ ಯಾವ ಕಾನೂನಿನಲ್ಲೂ ಇಲ್ಲ. ಆದರೂ ವಿಡಿಯೊ ಕರೆಯಲ್ಲಿ ಖಾಕಿ ಕಂಡೊಡನೆ ನಿವೃತ್ತ ಶಿಕ್ಷಕರು, ವೈದ್ಯರು ಹೆದರಿ ಉಳಿತಾಯವನ್ನೆಲ್ಲ ಕಳಿಸಿದ್ದಾರೆ.

ಓದು, ತರಬೇತಿಗಳು ಈ ದೌರ್ಬಲ್ಯವನ್ನು ಪೂರ್ತಿ ಅಳಿಸಲಾರವು. 2011ರಲ್ಲಿ ಭದ್ರತಾ ಸಾಧನಗಳನ್ನೇ ತಯಾರಿಸುವ ಅಮೆರಿಕದ ಆರ್‌ಎಸ್‌ಎ ಕಂಪನಿಯ ನೌಕರರಿಗೆ ನೇಮಕಾತಿ ಯೋಜನೆ ಎಂಬ ಹೆಸರಿನ ಎಕ್ಸೆಲ್ ಕಡತವೊಂದು ಇಮೇಲ್‌ನಲ್ಲಿ ಬಂತು. ಯಂತ್ರ ಅದನ್ನು ಅನುಮಾನಿಸಿ ಜಂಕ್ ಫೋಲ್ಡರಿಗೆ ತಳ್ಳಿತ್ತು. ನೌಕರರೊಬ್ಬರು ಅಲ್ಲಿಂದ ಎತ್ತಿ ತೆರೆದರು. ದಾಳಿಕೋರರು ಒಳಗೆ ಬಂದರು. ವೆರೈಝನ್ ಸಂಸ್ಥೆಯ 2025ರ ವರದಿಯಂತೆ, ದತ್ತಾಂಶ ಸೋರಿಕೆಯ ಸುಮಾರು ಶೇ 60 ಪ್ರಕರಣಗಳಲ್ಲಿ ಮನುಷ್ಯನ ಪಾತ್ರವಿತ್ತು.

ಎಥಿಕಲ್ ಹ್ಯಾಕರ್ ಈ ಬಾಗಿಲುಗಳನ್ನು ಕಳ್ಳನಿಗಿಂತ ಮೊದಲು ತಟ್ಟಿನೋಡುತ್ತಾನೆ. ಮಾಲೀಕರ ಲಿಖಿತ ಅನುಮತಿ, ಪರೀಕ್ಷೆಯ ಗಡಿ, ಗೋಪ್ಯತೆಯ ಕರಾರು ಇವು ಅವನ ವೃತ್ತಿಯ ತಳಹದಿ. ನೌಕರರಿಗೆ ಹುಸಿ ಇಮೇಲ್ ಕಳಿಸುವುದು, ತಾಂತ್ರಿಕ ಸಿಬ್ಬಂದಿಯ ಸೋಗಿನಲ್ಲಿ ಫೋನ್ ಮಾಡಿ ಪಾಸ್‌ವರ್ಡ್ ಕೇಳುವುದು, ಮೇಜಿನ ಮೇಲೆ ಪೆನ್‌ಡ್ರೈವ್ ಬಿಟ್ಟು ಯಾರು ಚುಚ್ಚುತ್ತಾರೆಂದು ಕಾಯುವುದು, ಎಲ್ಲವೂ ಪರೀಕ್ಷೆಯ ಭಾಗ. ಕೊನೆಗೆ ವರದಿ, ತಿದ್ದುಪಡಿ, ಮರುಪರೀಕ್ಷೆ. ಅನುಮತಿಯಿಲ್ಲದೆ ಇದನ್ನೇ ವಂಚನೆಯ ಉದ್ದೇಶದಿಂದ ಮಾಡಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43 ಮತ್ತು 66ನೇ ಸೆಕ್ಷನ್‌ಗಳಡಿ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಉಂಟು. ಕೈಚಳಕ ಒಂದೇ ಆದರೂ ಒಪ್ಪಿಗೆ ಮತ್ತು ಉದ್ದೇಶ ಎಥಿಕಲ್ ಹ್ಯಾಕರ್‌ನನ್ನೂ ಕಳ್ಳನನ್ನೂ ಬೇರೆಮಾಡುತ್ತವೆ.

ಪರೀಕ್ಷೆಯಲ್ಲಿ ಎಡವಿದವರನ್ನು ಎಲ್ಲರೆದುರು ಹೀಗಳೆಯುವ ಸಂಸ್ಥೆ ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಳ್ಳುತ್ತದೆ. ನಾಳೆ ನಿಜವಾದ ದಾಳಿಯಾದಾಗ ಅವರು ಬಾಯಿ ಬಿಡುವುದಿಲ್ಲ. ಇಲ್ಲಿ ಮೌನವೇ ದೊಡ್ಡ ನಷ್ಟ. ವಂಚನೆಯಾದ ಮೊದಲ ಗಳಿಗೆಗಳಲ್ಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆಮಾಡಿದರೆ ಹಣವನ್ನು ದಾರಿಯಲ್ಲೇ ತಡೆಯುವ ಅವಕಾಶ ಹೆಚ್ಚು. ದಾಳಿಯ ಸುದ್ದಿಯನ್ನು ಆರು ಗಂಟೆಯೊಳಗೆ ತಿಳಿಸಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಸಂಸ್ಥೆಗಳಿಗೆ ಆದೇಶಿಸಿರುವುದೂ ವೇಳೆಯ ಬೆಲೆ ಅರಿತೇ. ಎಡವಿದರೂ ಬೀಳದಂತೆ ವ್ಯವಸ್ಥೆಯನ್ನು ಕಟ್ಟುವುದು ಸಂಸ್ಥೆಯ ಇನ್ನೊಂದು ಹೊಣೆ: ದೊಡ್ಡ ಮೊತ್ತಕ್ಕೆ ಇಬ್ಬರ ಒಪ್ಪಿಗೆ, ಪಾಸ್‌ವರ್ಡಿನ ಜೊತೆಗೆ ಎರಡನೆಯ ದೃಢೀಕರಣ, ವರ್ಗಾವಣೆಯ ದಿನವೇ ಹಳೆಯ ಪ್ರವೇಶಾಧಿಕಾರದ ರದ್ದು.

ನಮ್ಮ ಮುಂದಿರುವ ಕೆಲಸ ಹಳ್ಳಿಯ ಸಂಸ್ಥೆಗಳಿಂದಲೇ ಆರಂಭವಾಗಬೇಕು. ಹಳ್ಳಿಯ ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘ (ಪಿಕೆಪಿಎಸ್), ಇತರ ಪತ್ತಿನ ಸಹಕಾರಿ ಸಂಘ, ಗ್ರಾಮ ಪಂಚಾಯಿತಿಗಳು ರೈತರ ಹಣ, ಹೆಸರು, ಆಧಾರ್ ಸಂಖ್ಯೆಗಳನ್ನು ಕಾಯುತ್ತಿವೆ. ಮಹಾನಗರದ ಕಂಪನಿಗಳಂತೆ ಭದ್ರತಾ ತಜ್ಞರನ್ನು ನೇಮಿಸಿಕೊಳ್ಳುವ ಶಕ್ತಿ ಅವಕ್ಕಿಲ್ಲ. ವಿಜಯಪುರದಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ, ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ, ಸಂಘದ ಲಿಖಿತ ಅನುಮತಿಯೊಂದಿಗೆ, ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಇಂಥ ಸಂಸ್ಥೆಗಳನ್ನು ಪರೀಕ್ಷಿಸಿ ಕನ್ನಡದಲ್ಲೇ ವರದಿ ಕೊಡುವಂತಾದರೆ, ಸಂಘದ ಗುಮಾಸ್ತ ಅದನ್ನು ತಾನೇ ಓದಿ ತಿದ್ದಿಕೊಳ್ಳಬಲ್ಲ. ಸಿಬ್ಬಂದಿ ಬದಲಾದಂತೆ, ವಂಚನೆಯ ವೇಷ ಬದಲಾದಂತೆ ಆ ಪರೀಕ್ಷೆ ಮತ್ತೆ ಮತ್ತೆ ನಡೆಯಬೇಕು.